ಕಿರಿಕಿರಿ ಫಾರಂನಲ್ಲಿ ಖಾಲಿ ಉಳಿದ ಸಾಲು

ವಾಕಡ, ಪುಣೆ

ಇಪ್ಪತ್ತೆರಡು ದಿನಗಳಷ್ಟು ಹಿರಿಯಳಾದ ಚಿರಂಜೀವಿ ಅಪೂರ್ವಳಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ಜೊತೆಗೊಂದು ದೂರು. ನಮ್ಮ ಕಟ್ಟಡದ ನಲವತ್ತೂ ಮನೆಯವರು ನನ್ನ ಫಾರಂ ತುಂಬಿದ್ದಾರೆ; ನೀನೊಬ್ಬಳೇ ಬಾಕಿ.

ಸದ್ದು ಅಳೆಯುವುದು ನನ್ನ ಹೊಟ್ಟೆಪಾಡು. ನೀನು ಹುಟ್ಟಿದ ವಾರವೇ ಪಕ್ಕದ ಸೈಟಿಗೆ ಕಪ್ಪು ಬಂಡೆ ಒಡೆಯುವ ಯಂತ್ರ ಬಂತು. ಮೀಟರು ಹಿಡಿದು ಹೊರಟೆ. ಸರಾಸರಿ ತೆಗೆದರೆ ಅದು ಪರಮ ಸಭ್ಯ ಸದ್ದು. ಆದರೆ ಮನುಷ್ಯ ಬೆಚ್ಚುವುದು ಸರಾಸರಿಗಲ್ಲ, ಏಟಿಗೆ. ಅದಕ್ಕೇ ಹೀಗೆ ತಟ್ಟನೆ ಬಡಿಯುವ ಸದ್ದಿಗೆ ಹನ್ನೆರಡು ಡೆಸಿಬೆಲ್ ದಂಡ ಸೇರಿಸಿ ಬರೆಯುವ ಪದ್ಧತಿ ನಮ್ಮಲ್ಲಿದೆ. ಸೇರಿಸಿದೆ. ಕಿರಿಕಿರಿ ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದು ಫಾರಂ ಹಿಡಿದು ಮನೆಮನೆ ಕೇಳಿದೆ. ನಿನ್ನ ಅಜ್ಜಿ ಶಿವಗಂಗವ್ವ, "ಹದಿನಾಲ್ಕು ಬರಕೋ" ಎಂದಳು. ಎಲ್ಲ ಸೇರಿಸಿ ಪಾಲಿಕೆಗೆ ದೂರು ಕೊಟ್ಟೆ; ಸೈಟಿನ ಕೆಲಸ ನಿಂತಿತು. ಲಿಫ್ಟಿನಲ್ಲಿ ಜನ ನನಗೆ ನಮಸ್ಕರಿಸತೊಡಗಿದರು.

ಆಮೇಲೆ ನಿನ್ನ ತೊಟ್ಟಿಲು ಶಾಸ್ತ್ರ. ಸೋದರತ್ತೆ ಶೀತಲ್ ನಿನ್ನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕೂಗಿದಳು. ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ಪದ್ಧತಿಗಿಂತ ತುಸು ಜೋರಾಗಿಯೇ. ಅವಳು ಚೀರಿದಳು. ನೀನು ಮಲಗಿಯೇ ಇದ್ದೆ. "ಭಾಳ ಶಾಣೆ ಕೂಸು" ಎಂದರು. ನಾನೂ ನಕ್ಕೆ. ಮೊನ್ನೆ ಆಸ್ಪತ್ರೆಯ ಕಿವಿ ಪರೀಕ್ಷೆಯಲ್ಲಿ ನೀನು ಪಾಸಾಗಲಿಲ್ಲ. ಗುರುವಾರ ಮತ್ತೆ ಕರೆತನ್ನಿ ಎಂದರು. ಆಗ ಆ ನಗು ನೆನಪಾಯಿತು.

ಗುರುವಾರಕ್ಕೆ ಇನ್ನೂ ನಾಲ್ಕು ದಿನ. ತಾಟು ಬಡಿದೆ, ಚಪ್ಪಾಳೆ ತಟ್ಟಿದೆ; ನಿನ್ನ ಬೆರಳೂ ಅಲುಗಲಿಲ್ಲ. ಇಂದು ಬೆಳಿಗ್ಗೆ ಸೈಟಿಗೆ ಹೋಗಿ, ಒಂದೇ ಒಂದು ಏಟು ಹಾಕಪ್ಪಾ ಎಂದು ಮೇಸ್ತ್ರಿ ಭುಜಂಗನಿಗೆ ಕೈಮುಗಿದೆ.

"ಸಾಹೇಬ್ರ, ಬಂದ್ ಮಾಡಿಸಿದವ್ರೂ ನೀವ, ಈಗ ಹೊಡಿ ಅನ್ನಾವ್ರೂ ನೀವ?"

ಕಾರಣ ಹೇಳಿದೆ. ಅವನ ನಗು ನಿಂತಿತು. "ಮನಿಗೆ ಹೋಗ್ರಿ. ಬಾಲ್ಕನ್ಯಾಗಿಂದ ಕೈ ಮಾಡ್ರಿ" ಎಂದು ಯಂತ್ರ ಹತ್ತಿದ.

ಕೈ ಮಾಡಿದೆ. ಢಣ್! ಅಜ್ಜಿ ಶಾಪ ಹಾಕಿದಳು, ಮೀಟರು ಜಿಗಿಯಿತು. "ಮೀಟರ್ ಏನ್ ನೋಡ್ತೀರಿ, ಕೂಸಿನ ಮಾರಿ ನೋಡ್ರಿ!" ಎಂದಳು ನಿನ್ನ ಅವ್ವ. ನಿನ್ನ ರೆಪ್ಪೆ ಅದುರಿತ್ತು. ಆದರೆ ತೊಟ್ಟಿಲೂ ಅದುರಿತ್ತು, ಮಗಳೇ. ಬಂಡೆಯ ಏಟು ನೆಲದ ಮೂಲಕವೂ ಬರುತ್ತದೆ. ನೀನು ಕೇಳಿಸಿಕೊಂಡೆಯೋ, ನೆಲ ನಿನ್ನನ್ನು ಮುಟ್ಟಿ ಹೇಳಿತೋ, ಹದಿನೆಂಟು ವರ್ಷ ಸದ್ದು ಅಳೆದ ನನಗೆ ತಿಳಿಯಲಿಲ್ಲ. ನಿನ್ನ ಅವ್ವ ಅಳುತ್ತ ನಗುತ್ತಿದ್ದಳು. ಅವಳಿಗೆ ಇದನ್ನು ಹೇಳಿಲ್ಲ.

ನಿನ್ನ ಸಾಲು ಖಾಲಿ ಬಿಟ್ಟಿದ್ದೇನೆ. ಹತ್ತಕ್ಕೆ ಹತ್ತು ಎಂದು ಚೀರಿ ತುಂಬು, ತಾಯಿ. ಲೋಕದ ಸಕಲ ಕಿರಿಕಿರಿಯೂ ನಿನ್ನ ಕಿವಿಗೆ ಬೀಳಲಿ.

ಫಾರಂ ಹಿಡಿದು ಕಾಯುತ್ತಿರುವ
ನಿನ್ನ ಅಪ್ಪ,
ಸಿದ್ದಾರೂಢ