ಮುಳ್ಳು ನಮ್ಮದು, ಹೊಲಿಗೆಯೂ ನಮ್ಮದೇ

ಸೀಗೆ ಗಿಡದ ಯಜಮಾನ್ತಿ ನಮ್ಮ ಅತ್ತೆಗೆ, ಸೊಸೆ ವನಜ ಮಾಡುವ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಗಿಡವೂ ಚೆನ್ನಾಗಿದೆ. ಎರಡನೆಯದನ್ನು ಮೊದಲು ಹೇಳಬೇಕಿತ್ತು, ಗೊತ್ತು. ಕುಂದಾಪುರ ಪೇಟೆಗೆ ಹೋಗಿ ಬಂದರೂ ನೀವು ಮೊದಲು ಮಾತಾಡಿಸುತ್ತಿದ್ದದ್ದು ಗಿಡವನ್ನು, ಆಮೇಲೆ ಮನೆಯವರನ್ನು. ನೀವು ಹೋದ ಮೇಲೆ ಒಂದು ಪೂರ್ತಿ ಮಳೆಗಾಲ ಬಂದು ಹೋಯಿತು. ನಿಮಗೆ ಹೇಳಲೇಬೇಕಾದ ಸುದ್ದಿಯೊಂದಿದೆ. ಚಾವಡಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಾಗೆಲ್ಲ ಅದು ನಾಲಿಗೆಯ ತುದಿಗೆ ಬರುತ್ತದೆ. ತಲೆ ಎತ್ತಿದರೆ ಎದುರಿಗೆ ನಿಮ್ಮ ಮರದ ಕುರ್ಚಿ ಖಾಲಿ. ಅದಕ್ಕೇ ಬರೆಯುತ್ತಿದ್ದೇನೆ.

ಬೈಂದೂರಿನಾಚೆ ಕಾಡಂಚಿನ ನಿಮ್ಮ ತವರಿಗೆ ಮದುವೆಗೆಂದು ಹೋಗಿದ್ದಿರಿ, ನೆನಪಿದೆಯೆ? ಬೇರೆಯವರು ತವರಿನಿಂದ ಹಪ್ಪಳ, ಉಪ್ಪಿನಕಾಯಿ ತಂದರೆ ನೀವು ಸೆರಗಿನ ಗಂಟಿನಲ್ಲಿ ಒಣ ಸೀಗೆಕಾಯಿ ಕಟ್ಟಿಕೊಂಡು ತಲ್ಲೂರಿನಲ್ಲಿ ಬಸ್ಸಿಳಿದಿರಿ. ಒಡೆದು ಬೀಜ ತೆಗೆದು, ಬಿಸಿನೀರಿನಲ್ಲಿ ನೆನೆಸಿ, ಓಣಿ ತಿರುಗುವಲ್ಲಿ ನಮ್ಮ ಹಿತ್ತಿಲಿನ ಗಡಿಯ ಅಗಳಿನ ಮೂಲೆಯಲ್ಲಿ ಊರಿದಿರಿ. ಮೊದಲ ಸಲ ಒಂದೂ ಮೊಳೆಯಲಿಲ್ಲ. ಮತ್ತೆ ನೆನೆಸಿದಿರಿ. ಕೊನೆಗೆ ಒಂದೇ ಒಂದು ಸಸಿ ಎದ್ದಿತು. ಅದಕ್ಕೆ ನೀವು ಮಾಡಿದ ಬಾಳಂತನವನ್ನು ನನಗೂ ಮಾಡಿರಲಿಲ್ಲ ಬಿಡಿ! ಕೋಳಿ ಕೆದಕದಂತೆ ಹರಿದ ಬುಟ್ಟಿ ಕವುಚಿ ಹಾಕಿದಿರಿ. ಬುಡಕ್ಕೆ ಒಲೆಯ ಬೂದಿ, ಅಕ್ಕಿ ತೊಳೆದ ನೀರು. "ಬೇಲಿಯೂ ಆತ್ತ್, ಕಾಯಿಯೂ ಆತ್ತ್" ಎಂದು ಓಣಿಯಲ್ಲಿ ಹೋಗುವವರಿಗೆಲ್ಲ ಕರೆದು ತೋರಿಸಿದಿರಿ. ಅಂಗೈಯಷ್ಟು ಸಸಿ, ಅದಕ್ಕೆ ಆಗಲೇ ಮುಳ್ಳು ಬಂದಿತ್ತು.

ನನಗೆ ಅದರ ಪರಿಚಯವಾದದ್ದು ನೂಲು ತರಲು ಅವಸರದಲ್ಲಿ ಹೊರಟ ಒಂದು ಬೆಳಿಗ್ಗೆ. ಗಿಡ ಆಗ ಆಳೆತ್ತರ ಮೀರಿತ್ತು. ಸೆರಗು ಸಿಕ್ಕಿಕೊಂಡಿತು, ನಾನು ಜಗ್ಗಿದೆ. ಜಗಲಿಯಿಂದ ನೀವು ಕೂಗಿದಿರಿ: "ಎಳೂಕಾಗ ಹೆಣ್ಣೆ, ಎಳದ್ರೆ ಹರಿತ್ತ್! ಒಂದ್ ಹೆಜ್ಜಿ ಅದ್ರ್ ಹತ್ರ ಹೋಗ್, ಅದೇ ಬಿಡತ್ತ್." ಮುಳ್ಳಿಗೆ ಹೆದರಿದವಳು ಮುಳ್ಳಿನ ಹತ್ತಿರ ಹೋಗುವುದು ಹೇಗೆ? ಹೋದೆ. ಸೀಗೆಯ ಮುಳ್ಳು ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿರುತ್ತದಲ್ಲ, ಹತ್ತಿರ ಹೋದ ಕೂಡಲೇ ಬಿಟ್ಟಿತು. ಆದರೆ ಅಷ್ಟರಲ್ಲಿ ಸೀರೆ ಹರಿದಾಗಿತ್ತು.

ಆಮೇಲೆ ಶುರುವಾಯಿತು ನೋಡಿ ನಮ್ಮ ಮನೆಯ ಕಾನೂನು. ಓಣಿಯಲ್ಲಿ ಯಾರ ಬಟ್ಟೆ ಸೀಗೆಗೆ ಸಿಕ್ಕಿ ಹರಿದರೂ ನೀವು ಬಿಡುತ್ತಿರಲಿಲ್ಲ. "ಹ್ವಾಯ್, ಒಳ್ಗ್ ಬನ್ನಿ! ಮುಳ್ಳ್ ನಮ್ದ್, ಹೊಲ್ಗಿಯೂ ನಮ್ದೇ." ಶಾಲೆಯ ಮಕ್ಕಳ ಯೂನಿಫಾರ್ಮು, ಮೀನು ಮಾರುವವಳ ಸೀರೆ, ಹಾಲು ಡೈರಿಗೆ ಹೋಗುವವರ ಲುಂಗಿ, ಎಲ್ಲ ನನ್ನ ಮಿಷನ್ನಿನ ಮೇಲೆ ಬಂದು ಬೀಳುತ್ತಿದ್ದವು. ನನಗೆ ಮದುವೆ ಸೀಸನ್ನಿನ ಬ್ಲೌಸುಗಳು ರಾಶಿ ಬಿದ್ದಿರುತ್ತಿದ್ದವು, ನಿಮಗೆ ಅದರ ಪರಿವೆಯೇ ಇರಲಿಲ್ಲ. ಹೊಲಿದು ಕೊಟ್ಟರೆ ಸಾಲದೆ? ತೆಂಗಿನ ಗೆರಟೆ ಸುಟ್ಟ ಕೆಂಡ ತುಂಬಿಸಿ, ಆ ಹಳೆಯ ಇಸ್ತ್ರಿ ಪೆಟ್ಟಿಗೆಯಲ್ಲಿ ನೀವೇ ಇಸ್ತ್ರಿ ಹಾಕಿ ಮಡಚಿ ಕೊಡುತ್ತಿದ್ದಿರಿ. ಕೊಡುವಾಗ ಒಂದು ಮಾತು ಬೇರೆ: "ಕಾಯಿ ಆಯ್ಲಿ, ನಿಮ್ಗೂ ಒಂದ್ ಪಾಲ್ ಇತ್ತ್." ಕರೆಂಟು ಇಸ್ತ್ರಿಪೆಟ್ಟಿಗೆ ಇದೆಯಲ್ಲ ಅತ್ತೆ ಎಂದರೆ, "ಅದ್ರಂಗೆ ಈ ಕೆಂಡದ್ ಗತ್ತಿಲ್ಲೆ" ಎನ್ನುತ್ತಿದ್ದಿರಿ. ನಾನು ಗೊಣಗುತ್ತಿದ್ದೆ ನಿಜ. ಆದರೆ ಓಣಿಯ ಅಷ್ಟೂ ಮನೆಯವರು ನಮ್ಮ ಚಾವಡಿಯಲ್ಲಿ ಕೂತು ಚಾ ಕುಡಿದದ್ದು ನಿಮ್ಮ ಮುಳ್ಳಿನ ದೆಸೆಯಿಂದ.

ಶೇಖರಣ್ಣ ಒಬ್ಬರನ್ನು ಬಿಟ್ಟು. ಅವತ್ತಿನ ಪ್ರಸಂಗ ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಪಕ್ಕದ ಹಿತ್ತಿಲಿನವರು, ಮದುವೆ ಊಟಕ್ಕೆ ಹೊರಟವರು, ಗರಿಗರಿ ಹೊಸ ಪಂಚೆ. ಸೀಗೆ ಹಿಡಿಯಿತು. ಅವರು ಜಗ್ಗಿದರು. "ಇದೆಂತ ಗಿಡ ಮಾರ್ರೆ, ಹೋಪರ್ ಬಪ್ಪರ್ ಬಟ್ಟಿ ಬಿಚ್ಚುಕ್ ನೆಟ್ಟದ್ದಾ?" ಎಂದು ಕೂಗಿದರು. ನೀವು ಸಮಾಧಾನ ಹೇಳುವುದು ಬಿಟ್ಟು, "ಕಳ್ರ್ ಸಿಕ್ಲಿ ಅಂದೇಳಿ ನೆಟ್ಟದ್. ಯಾರ್ ಸಿಕ್ತ್ರ್ ಅಂದೇಳಿ ನಂಗೆಂತ ಗೊತ್ತ್?" ಎಂದುಬಿಟ್ಟಿರಿ! ಅಲ್ಲಿಗೆ ಮಾತು ಬಿಟ್ಟಿತು. ಪಂಚೆ ಮಾತ್ರ ಬಿಡಲಿಲ್ಲ. ಅವರು ಆ ಮೂಲೆ ದಾಟಿಯೇ ಹೋಗಬೇಕಲ್ಲ, ಹರಿದಾಗೆಲ್ಲ ಅವರ ಹೆಂಡತಿ ಜಲಜಕ್ಕ ಮಾತಾಡದೆ ಬೇಲಿಯ ಮೇಲಿಂದ ಪಂಚೆ ಚಾಚುವರು, ನೀವು ಮಾತಾಡದೆ ತೆಗೆದುಕೊಳ್ಳುವಿರಿ. ಅವರದಕ್ಕೆ ಮಾತ್ರ ಅರ್ಧ ಹೊಲಿದು ಕೊಡುವುದೆ ಎಂದು ಕೇಳಿದ್ದಕ್ಕೆ ನನ್ನನ್ನು ಗದರಿಸಿದಿರಿ. ಎಲ್ಲರಿಗಿಂತ ಹೆಚ್ಚು ಮುತುವರ್ಜಿಯಿಂದ ಆ ಪಂಚೆಯ ಅಂಚು ತೀಡುತ್ತಿದ್ದಿರಿ.

ಮಳೆ ಹಿಡಿಯುವ ಮೊದಲು ವರ್ಷ ವರ್ಷವೂ ನೀವು ಕತ್ತಿ ಹಿಡಿದು, ಕೈಗೆ ಗೋಣಿ ಸುತ್ತಿಕೊಂಡು ಓಣಿಗೆ ಚಾಚಿದ ಬಳ್ಳಿಗಳನ್ನೆಲ್ಲ ಕಡಿದು ಹಾಕುತ್ತಿದ್ದಿರಿ. ಎಳೆ ಕುಡಿ ಆರಿಸಿ ಹುಳಿಹುಳಿ ತಂಬುಳಿ ಮಾಡಿ ಉಣ್ಣಿಸುತ್ತಿದ್ದಿರಿ. ಹೂವಿನ ಸುಳಿವೇ ಇರಲಿಲ್ಲ. ಒಮ್ಮೆ ನಿಮ್ಮ ತಮ್ಮ ಬಂದವರು ನೋಡಿ ತಲೆ ಚಚ್ಚಿಕೊಂಡರು. "ಅಕ್ಕಾ, ಹಬ್ಬುಕ್ ಬಿಡ್ದೆ ಕಾಯಿ ಎಲ್ಲಿಂದ ಬತ್ತ್? ಅದಕ್ಕೊಂದ್ ಮರ ಬೇಕ್." ನೀವು ಕತ್ತಿ ಕೆಳಗಿಟ್ಟು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ನಂಗೊತ್ತಿಲ್ಯಾ? ಈ ಓಣೆಗೆ ಮಕ್ಳ್ ಓಡ್ತೊ. ಬಟ್ಟಿ ಆರೆ ಹೊಲೂಕಾತ್ತ್, ಕಣ್ಣ್ ಹೊಲೂಕಾತ್ತಾ?" ಕಾಯಿಗೆಂದೇ ನೆಟ್ಟ ಗಿಡ. ಕಡಿದರೆ ಕಾಯಿ ಇಲ್ಲವೆಂದು ಗೊತ್ತಿದ್ದೇ ಕಡಿಯುತ್ತಿದ್ದಿರಿ. ಕಡಿದ ಮಾರನೆಯ ದಿನವೇ ಬುಡಕ್ಕೆ ಬೂದಿ ಹಾಕುತ್ತಿದ್ದಿರಿ. ಅಷ್ಟು ದೊಡ್ಡ ಮನಸ್ಸು ನನಗೆಲ್ಲಿ ಬರಬೇಕು ಅತ್ತೆ?

ಮರ ಇರಲಿಲ್ಲವೆಂದಲ್ಲ. ಗಿಡದ ಬೆನ್ನಿಗೇ ಹೆಬ್ಬಲಸಿನ ಮರ ಇತ್ತು, ಓಣಿಗೆ ದೂರ, ಎತ್ತರದ್ದು. ಆದರೆ ಅದು ಶೇಖರಣ್ಣನ ಹಿತ್ತಿಲಿನದು. ಒಂದು ಮಾತು ಕೇಳಿ ನೋಡುವ ಎಂದಿದ್ದಕ್ಕೆ ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿದಿರಿ. "ಅವ್ರ್ ಹತ್ರ ಕೇಂಬುದಾ? ನಾನಾ? ಜೀಂವ ಇಪ್ಪಲ್ಲಿವರಿಗೆ ಆಪ್ದಲ್ಲ." ಹಠ ಎಂದರೆ ಅದು. ಸೊಸೆಗೆ ಸೋತು ಸೀರೆಯ ಬಣ್ಣ ಬದಲಿಸಿದವರು, ಮೊಮ್ಮಕ್ಕಳಿಗೆ ಸೋತು ಟಿವಿ ಬಿಟ್ಟುಕೊಟ್ಟವರು, ಇದೊಂದರಲ್ಲಿ ಮಾತ್ರ...

ಸೋಣೆ ತಿಂಗಳ ಜಡಿಮಳೆಯಲ್ಲಿ ನೀವು ಹೋದಿರಿ. ಅದಾಗಿ ಮಳೆ ಬಿಟ್ಟ ಕೂಡಲೇ ಪಂಚಾಯತಿನವರು ಓಣಿಗೆ ಕಾಂಕ್ರೀಟು ಹಾಕುತ್ತೇವೆಂದು ಬಂದರು. ಆ ವರ್ಷ ಕಡಿಯುವವರಿಲ್ಲದೆ ಸೀಗೆ ಅರ್ಧ ಓಣಿ ನುಂಗಿತ್ತು. "ಇದ್ನ ತೆಗೀಕ್, ಇಲ್ದಿರೆ ಜೆಸಿಬಿ ತಂದ್ ತೆಗೀತ್ರ್" ಎಂದು ಹೇಳಿ ಹೋದರು. ನಿಮ್ಮ ಮಗ, "ತೆಗೀಲಿ ಬಿಡ್, ನೆಟ್ಟ ಅಬ್ಬಿಯೇ ಇಲ್ಲೆ, ಗಿಡ ಎಂತಕೆ?" ಎಂದು ಹೇಳಿ ಒಳಗೆ ಹೋಗಿ ಮುಖ ತೊಳೆದುಕೊಂಡರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಾಲ್ಕು ದಿಕ್ಕಿನವರಿಗೆ ಕಾಯಿ ಕೊಡುತ್ತೇನೆಂದು ಮಾತು ಕೊಟ್ಟವರು ನೀವು. ಗಿಡ ಹೋದರೆ ಆ ಮಾತು?

ಮಿಷನ್ನಿನ ಕೆಳಗಿನ ಬಟ್ಟೆ ಗಂಟು ಬಿಚ್ಚಿದಾಗ ಒಂದು ಬಿಳಿ ಪಂಚೆ ಸಿಕ್ಕಿತು. ನೀವು ಹಾಸಿಗೆ ಹಿಡಿಯುವ ಮೊದಲು ಬೇಲಿಯ ಮೇಲಿಂದ ಬಂದದ್ದು. ಆ ಗಡಿಬಿಡಿಯಲ್ಲಿ ಹಾಗೆಯೇ ಉಳಿದಿತ್ತು. ಹೊಲಿದೆ. ಗೆರಟೆ ಸುಟ್ಟು ನಿಮ್ಮ ಪೆಟ್ಟಿಗೆಯಲ್ಲೇ ಇಸ್ತ್ರಿ ಹಾಕಿದೆ, ಎರಡು ಕಡೆ ಸುಕ್ಕಾಯಿತು, ಬೈಯಬೇಡಿ. ಬೇಲಿಯ ಮೇಲಿಂದ ಚಾಚಲಿಲ್ಲ. ಎಳೂಕಾಗ, ಹತ್ತಿರ ಹೋಗು ಎಂದವರು ನೀವೇ ಅಲ್ಲವೆ? ಗೇಟು ತೆಗೆದು ಅವರ ಜಗಲಿಗೇ ಹೋದೆ. ಶೇಖರಣ್ಣ ಪಂಚೆ ತೆಗೆದುಕೊಂಡರು, ಮಡಿಕೆ ಬಿಡಿಸಿ ಅಂಚು ನೋಡಿದರು, ಮೂಸಿಯೂ ನೋಡಿದರು.

"ನಿಮ್ಮತ್ತಿಗೂ ನಂಗೂ ಮಾತಿರ್ಲಿಲ್ಲೆ, ಅದ್ ಹೌದ್," ಎಂದರು. "ಆರೆ ನನ್ ಪಂಚಿ ಒಂದ್ ಸಲವೂ ಇಸ್ತ್ರಿ ಇಲ್ದೆ ವಾಪಾಸ್ ಬರ್ಲಿಲ್ಲೆ."

ನಾನು ಗಿಡದ ಸಂಗತಿ ಹೇಳಿದೆ. ಆಮೇಲೆ ಮರದ ಸುದ್ದಿ ಎತ್ತಿದೆ. ಅವರು ನನಗೆ ಪೂರ್ತಿ ಹೇಳಲೇ ಬಿಡಲಿಲ್ಲ. "ಇಷ್ಟ್ ವರ್ಷ ಕೇಂತ್ರೋ ಅಂದೇಳಿ ನಾನೂ ಕಾಯ್ತಾ ಇದ್ದೆ ಮಾರಾಯ್ತಿ. ನಾನಾಯ್ ಹೇಳ್ರೆ ಮತ್ತೆಂತ ಬಯ್ತ್ರೋ ಅಂದೇಳಿ ಹೆದ್ರಿಕಿ!" ಎಂದರು. ಕೇಳಿದಿರಾ ಅತ್ತೆ? ಬೇಲಿಯ ಆಚೆಗೊಬ್ಬರು, ಈಚೆಗೊಬ್ಬರು, ಇಬ್ಬರೂ ಒಬ್ಬರನ್ನೊಬ್ಬರು ಕಾದು ಕೂತದ್ದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವರು ಹಲಸು ಕೊಯ್ಯುವ ದೋಟಿ, ಹಗ್ಗ, ಗೋಣಿ ಹಿಡಿದು ಬಂದರು. ಹಿಂದಿನಿಂದ ಓಣಿಯವರೂ ಬಂದರು, ನೀವು ಹೊಲಿಸಿ ಕೊಟ್ಟ ಬಟ್ಟೆಯವರೇ ಎಲ್ಲ. ಮೀನಿನ ಅಕ್ಕ ಬುಟ್ಟಿ ಕೆಳಗಿಟ್ಟು ಬಳ್ಳಿ ಹಿಡಿದಳು. ಒಂದೊಂದೇ ಬಳ್ಳಿಯನ್ನು ದೋಟಿಯಲ್ಲಿ ಎತ್ತಿ ಹೆಬ್ಬಲಸಿನ ಕೊಂಬೆಗೆ ಒರಗಿಸಿ ಕಟ್ಟಿದರು. ಓಣಿಯ ಕಡೆ ಒಂದು ಮುಳ್ಳೂ ಉಳಿಯಲಿಲ್ಲ. ಸಂಜೆ ಸೂಜಿ ನೂಲು ಹಿಡಿದು ಕೂತವಳು ನಾನು, ಕೆಲಸ ಎಷ್ಟಿತ್ತೆಂದು ನೀವೇ ಲೆಕ್ಕ ಹಾಕಿ!

ಸೆಕೆ ಶುರುವಾದಾಗ ಹೂ ಬಂತು. ಹೆಬ್ಬಲಸಿನ ಹಸಿರಿನ ನಡುವೆ ಪುಟ್ಟ ಪುಟ್ಟ ಬಿಳಿ ಚೆಂಡು, ಅದರ ಸುತ್ತ ಜೇನಿನ ಗುಂಯ್ಗುಡುವಿಕೆ. ನಿಮ್ಮ ಮಗ ಕೆಲಸಕ್ಕೆ ಹೊರಟವರು ಅದರ ಕೆಳಗೆ ಬಹಳ ಹೊತ್ತು ನಿಂತಿದ್ದರು. ಮಳೆಯಲ್ಲಿ ಕಾಯಿ ದಪ್ಪವಾಯಿತು, ಈ ಮಾಗಿಯ ಚಳಿಗೆ ಕೆಂಪಾಗಿ ಸುಕ್ಕುಗಟ್ಟಿತು. ಹೌದು ಅತ್ತೆ, ನಿಮ್ಮ ಸೀಗೆ ಕಾಯಿ ಬಿಟ್ಟಿದೆ. ಅಂಗಳದ ತುಂಬ ಒಣಹಾಕಿದ್ದೇನೆ. ಕುಟ್ಟುವಾಗ ನಾನು ಸೀನಿದ್ದು ಪಕ್ಕದ ಊರು ಹಟ್ಟಿಯಂಗಡಿಗೂ ಕೇಳಿರಬೇಕು. ಮೊದಲ ಹುಡಿ ಹೋದದ್ದು ಶೇಖರಣ್ಣನ ಮನೆಗೆ, ಅವರ ಮಗಳು ಬಾಳಂತನಕ್ಕೆ ಬಂದಿದ್ದಾಳೆ. ಜಲಜಕ್ಕ ಅವಳಿಗೆ ತಲೆ ಮೀಯಿಸಿ, ನೊರೆ ಎಷ್ಟು ಬಂತೆಂದು ಹೇಳಲು ಒದ್ದೆ ಕೈಯಲ್ಲೇ ಓಡಿ ಬಂದರು. ಉಳಿದವರ ಪಾಲನ್ನೂ ಕಟ್ಟಿಡುತ್ತಿದ್ದೇನೆ. ನೀವು ಯಾರಿಗೆ ಮಾತು ಕೊಟ್ಟಿದ್ದಿರೋ ನನಗೆ ಗೊತ್ತು, ಅವರ ಬಟ್ಟೆ ಹೊಲಿದವಳು ನಾನೇ ಅಲ್ಲವೆ? ಒಬ್ಬರನ್ನೂ ಬಿಡುವುದಿಲ್ಲ.

ಇನ್ನು, ನಿನ್ನೆಯ ಸುದ್ದಿ. ಮಿಷನ್ ತುಳಿಯುತ್ತಿದ್ದೆ. "ಹ್ವಾಯ್, ಹೊಲ್ಗಿ ಇತ್ತಾ?" ಎಂದು ಹೊರಗೆ ಯಾರೋ ಕರೆದರು. ನೋಡಿದರೆ ಶೇಖರಣ್ಣ! ಉಳಿದ ಕಾಯಿ ಕೊಯ್ಯಲು ಹೋಗಿ ಪಂಚೆ ಹರಿದುಕೊಂಡು, ಲುಂಗಿ ಉಟ್ಟು, ಪಂಚೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಬೇಲಿಯ ಮೇಲಿಂದಲ್ಲ, ಮೆಟ್ಟಿಲು ಹತ್ತಿ. ಕೂತದ್ದು ನಿಮ್ಮ ಕುರ್ಚಿಯಲ್ಲಿ. ನಾನು ಚಾ ಕೊಟ್ಟೆ.

"ಮರ ನಮ್ದ್, ಹರ್ದದ್ ನಮ್ಮ ಹಿತ್ಲಂಗೆ," ಎಂದರು. "ಈಗ ಮುಳ್ಳ್ ಯಾರ್ದ್ ಅಂದೇಳಿ ಲೆಕ್ಕ?"

"ನಮ್ದೇ," ಎಂದೆ. ಕೂತಿದ್ದಂತೆಯೇ ಹೊಲಿದೆ. ಅವರು ಸಾಕು ಕೊಡು ಎಂದು ಕೈ ಚಾಚಿದರು. ನಾನು ಕೊಡಲಿಲ್ಲ. ಇನ್ನೊಂದು ಚಾ ಕುಡಿಯುತ್ತಿರಿ ಎಂದು ಹೇಳಿ, ಗೆರಟೆ ಸುಟ್ಟು ಕೆಂಡ ಮಾಡಿ, ಈ ಸಲ ಒಂದು ಸುಕ್ಕೂ ಇಲ್ಲದಂತೆ ಇಸ್ತ್ರಿ ಹಾಕಿಯೇ ಕೊಟ್ಟೆ, ಅತ್ತೆ.

ನಿಮ್ಮ ಸೊಸೆ,
ವನಜ