ಗೋಡೆ ಬಂತು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಬುಗುರಿಗೆ,

ಅಕ್ಕನ ಆಶೀರ್ವಾದ. ನಾನು ಆರಾಮಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ಹೆಂಡತಿ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ. ಅವತ್ತೇ ಬರೆಯಬೇಕಿತ್ತು. ಶುರು ಮಾಡುವುದು, ಅಳಿಸುವುದು, ಹೀಗೇ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಿದರೆ ನೀನು ಹೂಂ ಹೂಂ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಪತ್ರ. ಆಸ್ಪತ್ರೆಯಲ್ಲಿ ದಿನವಿಡೀ ಡಾಕ್ಟರುಗಳ ವರದಿ ಟೈಪ್ ಮಾಡುವ ಬೆರಳುಗಳೇ ಇದನ್ನೂ ಟೈಪ್ ಮಾಡುತ್ತಿವೆ. ನಿನಗೆ ಓದಲು ಸುಲಭವಾಗಲಿ ಎಂದು ಅಕ್ಷರ ದಪ್ಪ ಮಾಡಿದ್ದೇನೆ. ಟೈಪ್ ಮಾಡಿದ್ದನ್ನೆಲ್ಲ ಕಂಪ್ಯೂಟರು ನೆಗಡಿ ಹಿಡಿದ ಮೇಷ್ಟ್ರ ದನಿಯಲ್ಲಿ ನನಗೆ ಓದಿ ಹೇಳುತ್ತದೆ. ಅದು ‘ಬುಗುರಿ’ ಎಂದಾಗಲೆಲ್ಲ ನನಗೆ ನಗು.

“ಅಕ್ಕಾ, ಸೈಕಲ್ ಅಂಗಡಿ ಬಾಗಿಲು ಹಾಕಿದಾರೆ. ರೂಮಿಂದ ಹೊರಗೇ ಬರ್ತಿಲ್ಲ. ಕಣ್ಣು ಇನ್ನೂ ಸ್ವಲ್ಪ ಇರುವಾಗಲೇ ಕತ್ತಲಲ್ಲಿ ಕೂತ್ಬಿಟ್ಟಿದಾರೆ. ನಿಮ್ಮ ಮಾತಾದ್ರೂ ಕೇಳ್ತಾರೇನೋ ನೋಡಿ” ಎಂದಳು ಅವಳು. ನೋಟದ ಅಂಚುಗಳೆಲ್ಲ ಹೋಗಿ ನಡುವೆ ಕಿಂಡಿಯಷ್ಟು ಉಳಿದಿದೆ, ಅದೂ ಇನ್ನೆರಡು ಮೂರು ವರ್ಷ ಎಂದರಂತೆ ಡಾಕ್ಟರು. ನನ್ನ ಕಿಂಡಿ ಮುಚ್ಚಿದಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ನಲವತ್ತು ದಾಟಿದ ಮೇಲೆ ಕಳೆದುಕೊಳ್ಳುವುದು ಹೇಗಿರುತ್ತದೋ ನನಗೆ ಗೊತ್ತಿಲ್ಲ. ಅವತ್ತು ಫೋನಿಟ್ಟು ತುಂಬಾ ಹೊತ್ತು ಅತ್ತೆ.

ನಾವು ಬಾಡಿಗೆಗಿದ್ದ ಮನೆಯ ಓಣಿ ನೆನಪಿದೆಯಾ? ಶಾಲೆಯಿಂದ ನನ್ನ ಕೈ ಹಿಡಿದು ಕರೆತರುವ ಕೆಲಸ ನಿನ್ನದು. ನಿನ್ನಷ್ಟು ಬೇಜವಾಬ್ದಾರಿ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ! ಗೋಲಿ ಆಡುವವರು ಕಣ್ಣಿಗೆ ಬಿದ್ದರೆ ಸಾಕು, ನನ್ನ ಕೈ ಬಿಟ್ಟು ಪರಾರಿ. ಒಬ್ಬಳೇ ನಡೆಯುವುದನ್ನು ನಾನು ಕಲಿತದ್ದೇ ನಿನ್ನ ದಯೆಯಿಂದ. ಓಣಿಯ ಕೊನೆಯ ಗೋಡೆ ಹತ್ತಿರವಾದಂತೆ, ಕೈ ಚಾಚುವ ಮೊದಲೇ, ಹಣೆಯ ಮುಂದೆ ಏನೋ ತುಂಬಿಕೊಂಡಂತಾಗುತ್ತಿತ್ತು. ಚಪ್ಪಲಿಯ ಸದ್ದು ತೀರ ಹತ್ತಿರದಿಂದ ತಿರುಗಿ ಬರುತ್ತಿತ್ತು. “ಗೋಡೆ ಬಂತು” ಎಂದು ನಿಂತುಬಿಡುತ್ತಿದ್ದೆ. “ಗೋಡೆ ಎಲ್ಲಿಂದ ಬರತ್ತೆ? ನೀನೇ ತಾನೆ ಹೋಗೋದು?” ಎಂದು ಅಮ್ಮ ನಗುತ್ತಿದ್ದಳು. ನೀನೋ, ಮನೆಗೆ ಬಂದವರ ಎದುರಿಗೆಲ್ಲ, “ಅಕ್ಕಾ, ನೀನು ಮಲಗಿದ್ದಾಗ ಗೋಡೆ ನಿನ್ನ ಕೇಳ್ಕೊಂಡು ಬಂದಿತ್ತು. ಸಾಯಂಕಾಲ ಬಾ ಅಂತ ಕಳಿಸ್ದೆ” ಎನ್ನುತ್ತಿದ್ದೆ. ಪೋಕರಿ!

ಒಂದು ದಿನ ನೀನು ಅಪ್ಪನ ಟವೆಲನ್ನು ಕಣ್ಣಿಗೆ ಕಟ್ಟಿಕೊಂಡು, ಮನೆ ಮೊದಲು ಮುಟ್ಟುವವರು ಯಾರು ಎಂದು ನನ್ನ ಜೊತೆ ಪಂದ್ಯಕ್ಕೆ ನಿಂತೆ. ಬಲು ಜಾಣ, ಹೆಜ್ಜೆ ಎಣಿಸುತ್ತ ಹೊರಟೆ. “ಏನೋ ಇದು ವೇಷ?” ಎಂದು ಓಣಿಯ ಬಡಗಿ ಕೇಳಿದ್ದೇ ತಡ, ಲೆಕ್ಕ ತಪ್ಪಿ ಅವನ ಮರದ ಹೊಟ್ಟಿನ ರಾಶಿಗೆ ಬಿದ್ದೆ. ನಾನು ಮನೆಯ ಮೆಟ್ಟಿಲ ಮೇಲೆ ಕೂತು ನಿನ್ನ ಸೀನು ಕೇಳುತ್ತಿದ್ದೆ. ನಾನೇನೂ ಎಣಿಸಿರಲಿಲ್ಲ ಕಣೋ. ಮರದ ವಾಸನೆ ಎಡಕ್ಕೆ ಬಂದು ಹಿಂದೆ ಸರಿಯಿತು, ಹಿಟ್ಟಿನ ಗಿರಣಿಯ ಬಿಸಿ ಬಲಗೆನ್ನೆಗೆ ತಾಗಿತು, ಕಾಲಡಿಯ ಕಲ್ಲು ಮುಗಿದು ಮಣ್ಣಾಯಿತು, ಮನೆ ಸಿಕ್ಕಿತು. “ಇದು ಮೋಸ, ನಿಂಗೆ ಅಭ್ಯಾಸ ಇದೆ” ಎಂದು ನೀನು ಜಗಳ ತೆಗೆದೆ. ಆ ಓಣಿ, ಆ ಜಗಳ ಎಲ್ಲ ಮತ್ತೆ ಒಂದು ಸಲ ಬೇಕು ಅನ್ನಿಸುತ್ತದೆ.

ನಿನಗೂ ಅಭ್ಯಾಸವಾಗುತ್ತದೆ. ಪಂಕ್ಚರ್ ಆದ ಟ್ಯೂಬನ್ನು ನೀರಿಗೆ ಹಾಕದೆ, ಕೆನ್ನೆಯ ಹತ್ತಿರ ಹಿಡಿದು ಗಾಳಿ ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತೀಯಲ್ಲ, ರಸ್ತೆಯ ತಿರುವು ಸಿಗುವುದೂ ಹಾಗೇ. ಗೋಡೆಯ ಪಕ್ಕ ನಡೆಯುವಾಗ ಕೆನ್ನೆಗೆ ತಟ್ಟನೆ ಗಾಳಿ ತಾಗಿ, ಹೆಜ್ಜೆಯ ಸದ್ದು ಎಲ್ಲೋ ಹೋಗಿಬಿಟ್ಟರೆ ಅಲ್ಲೊಂದು ದಾರಿ ಇದೆ ಎಂದು ತಿಳಿ. ಬಿಳಿ ಕೋಲನ್ನು ಮೂಲೆಗೆ ಎಸೆದೆಯಂತೆ, ಎತ್ತಿಕೊ. ಅದರಿಂದ ತಟ್ಟಿದರೆ ಸಿಮೆಂಟಿನದು ಒಂದು ದನಿ, ಚರಂಡಿ ಮುಚ್ಚಳದ್ದು ಇನ್ನೊಂದು. ಯಾರೂ ನಿನ್ನನ್ನು ಹಿಂದಿನಿಂದ ತಳ್ಳಲು ಬಿಡಬೇಡ. ನೀನೇ ಅವರ ಮೊಣಕೈ ಹಿಡಿ, ಮೆಟ್ಟಿಲು ಬಂದಾಗ ಅದೇ ಹೇಳುತ್ತದೆ. ಬಾಗಿಲನ್ನು ಪೂರ್ತಿ ತೆರೆದಿಡಿ, ಇಲ್ಲವೇ ಪೂರ್ತಿ ಮುಚ್ಚಿ ಎಂದು ಮನೆಯವರಿಗೆ ಹೇಳು. ಅರ್ಧ ತೆರೆದ ಬಾಗಿಲಿನಂಥ ಕಳ್ಳ ಇನ್ನೊಬ್ಬನಿಲ್ಲ, ಸುಳಿವೇ ಕೊಡದೆ ಹಣೆಗೆ ಹೊಡೆಯುತ್ತಾನೆ. ಬೀಳುತ್ತೀಯ, ಇಲ್ಲ ಎನ್ನುವುದಿಲ್ಲ. ಗಾಳಿ ಜೋರಾದ ದಿನ ಸದ್ದೆಲ್ಲ ಕಲಸಿಹೋಗಿ ನನಗೂ ಈಗಲೂ ದಾರಿ ತಪ್ಪುತ್ತದೆ. ನಾಚಿಕೆ ಬಿಟ್ಟು ಯಾರನ್ನಾದರೂ ಕೂಗುತ್ತೇನೆ.

ಮುಂದಿನ ಶನಿವಾರ ಬೆಳಗಿನ ರೈಲಿಗೆ ಬರುತ್ತಿದ್ದೇನೆ, ರಜೆ ಹಾಕಿದ್ದಾಗಿದೆ. ಸ್ವಲ್ಪ ಕಾಣುತ್ತಿರುವಾಗಲೇ ಎಲ್ಲ ಕಲಿತುಬಿಡು. ಸ್ಟೇಷನ್ನಿಗೆ ಕೋಲು ಹಿಡಿದುಕೊಂಡು ನೀನೇ ಬರಬೇಕು. ಹೆಂಡತಿಯನ್ನು ಕಳಿಸಿ ಕೈತೊಳೆದುಕೊಂಡರೆ ನಾನು ಅಲ್ಲಿಂದಲೇ ವಾಪಸ್.

ನಿನಗೂ ನಿನ್ನವಳಿಗೂ ಒಳ್ಳೆಯದಾಗಲಿ. ನಿಮ್ಮ ಅಂಗಳದಲ್ಲಿ ಮತ್ತೆ ಸೈಕಲ್ ಗಂಟೆ ಕೇಳಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆಯಬಾರದು ಎಂದಿದ್ದೆ, ಆಗುತ್ತಿಲ್ಲ. “ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?” ಎಂದು ಡಾಕ್ಟರು ಕೇಳಿದಾಗ ನೀನು “ಯಾರಿಗೂ ಇಲ್ಲ” ಎಂದೆಯಂತೆ. ಗಾಬರಿಯಲ್ಲಿ ಮರೆತಿರಬೇಕು ಎಂದಳು ನಿನ್ನ ಹೆಂಡತಿ, ಪಾಪ. ನೀನು ಮರೆತಿಲ್ಲ ಎಂದು ನನಗೆ ಗೊತ್ತು. ತುಂಬಾ ನೋವಾಯಿತು ಕಣೋ. ಮತ್ತೆ ಅವರ ಹತ್ತಿರ ಹೋಗುವಾಗ ನಾನೂ ಬರುತ್ತೇನೆ. ಅವರು ಕೇಳದಿದ್ದರೂ ಪರವಾಗಿಲ್ಲ, ನೀನೇ ಹೇಳು, ಇವಳು ನನ್ನ ಅಕ್ಕ ಅಂತ.