ದೀಪ ಮಲಗಿಸುವ ಮಾತು

ಶ್ರೀ ಚೌಡೇಶ್ವರಮ್ಮನ ಕೃಪೆ

ದೊಡ್ಡಬಳ್ಳಾಪುರ
14-11-2024, ಗುರುವಾರ

ಪ್ರೀತಿಯ ತಮ್ಮ ಶಶಿಗೆ,

ನಿನ್ನ ಅಕ್ಕನ ಆಶೀರ್ವಾದ. ಅಮ್ಮನವರ ದಯೆಯಿಂದ ನಾನೂ ಮಗ ಅಮರನೂ ಚೆನ್ನಾಗಿದ್ದೇವೆ. ನೀನು, ಅನಿತ, ಮಕ್ಕಳು ಎಲ್ಲರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ದೀಪಾವಳಿ ಮುಗಿದ ಮಾರನೆಯ ದಿನವೇ ಬರೆಯಬೇಕೆಂದಿದ್ದವಳು ಇಷ್ಟು ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಅಮರ ಮಗ್ಗಕ್ಕೆ ಹೊಸ ಹಾಸು ನೂಲು ಏರಿಸುತ್ತಿದ್ದ, ಎಳೆ ಸೇರಿಸುವುದಕ್ಕೆ ನಾನೂ ಕೂತುಬಿಟ್ಟೆ. ಈಗ ಕಣ್ಣು ಮೊದಲಿನ ಹಾಗಿಲ್ಲ, ಒಂದು ಎಳೆ ತಪ್ಪಿದರೆ ಹತ್ತು ಬಿಚ್ಚಬೇಕು.

ಫೋನು ಇರುವಾಗ ಕಾಗದ ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ನೀನು "ಹ್ಞೂಂ ಅಕ್ಕ, ಸರಿ ಅಕ್ಕ, ಡ್ಯೂಟೀಲಿದೀನಿ ಅಕ್ಕ" ಎಂದು ಇಟ್ಟುಬಿಡುತ್ತೀಯ. ಕಾಗದ ಹಾಗಲ್ಲ, ನೀನು ಮಡಿಸಿಟ್ಟರೂ ಮಾತು ಅಲ್ಲೇ ಇರುತ್ತದೆ. ರಾಜಘಟ್ಟದ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಬಿಟ್ಟವಳ ಕೈಬರಹ, ತಾಳ್ಮೆಯಿಂದ ಓದು.

ಭಾನುವಾರ ಅನಿತ ಫೋನು ಮಾಡಿದ್ದಳು. "ಅತ್ತಿಗೆ, ಇವ್ರು ಮತ್ತೆ ಫೈರ್ ಗಾಡಿ ಡ್ಯೂಟಿಗೇ ಹೋಗ್ತೀನಿ ಅಂತ ಬರ್ಕೊಟ್ಟಿದಾರೆ. ಸಾಹೇಬ್ರು ಇನ್ನೂ ಸಹಿ ಹಾಕಿಲ್ಲ, ತಿಂಗಳ ಕೊನೆತನಕ ಯೋಚನೆ ಮಾಡಿ ಅಂದವ್ರಂತೆ. ಇವ್ರು ಕೇಳಲ್ಲ. ನೀವಾದ್ರೂ ಒಂದ್ಮಾತು ಹೇಳಿ" ಎಂದಳು. ಯಾಕಂತೆ ಎಂದು ಕೇಳಿದೆ. "ಬೆಂಕಿ ಆರ್ಸಿದ್ರೆ ಜನಕ್ಕೆ ಕಾಣುತ್ತೆ, ಬೀಳದೆ ಇರೋ ಬೆಂಕಿ ಯಾರಿಗೆ ಕಾಣುತ್ತೆ ಅಂತಾರೆ" ಎಂದಳು. ಅದು ನೀನು ಅವಳಿಗೆ ಹೇಳಿದ ಕಾರಣ. ನಿಜವಾದ ಕಾರಣ ನನಗೆ ಗೊತ್ತು. ನಾನು ಅವತ್ತು ಅಲ್ಲೇ ಇದ್ದೆನಲ್ಲಪ್ಪ.

ಇಡೀ ಜಿಲ್ಲೆಗೆ ಬೆಂಕಿ ಮುನ್ನೆಚ್ಚರಿಕೆಯ ಕೆಲಸಕ್ಕೆ ನಿನ್ನನ್ನು ಮುಂದಾಳು ಮಾಡಿದಾಗ ನಾನು ಘಾಟಿಗೆ ಹೋಗಿ ಸುಬ್ರಹ್ಮಣ್ಯನಿಗೆ ಹಾಲು ಕೊಟ್ಟು ಬಂದೆ. ಪಿಲ್ಲಗುಂಪೆಯ ಫ್ಯಾಕ್ಟರಿಗಳಲ್ಲಿ ನೀನು ನಿಂತು ಬಾಗಿಲು ತೆಗೆಸಿದ್ದು, ಮಾಕಳಿದುರ್ಗದ ಬುಡದಲ್ಲಿ ಬೆಟ್ಟ ಹತ್ತುವ ಹುಡುಗರ ಬೆಂಕಿಪೊಟ್ಟಣ ಇಸಿದುಕೊಂಡದ್ದು, ಎಲ್ಲಾ ಅಮರ ಮೊಬೈಲಿನಲ್ಲಿ ತೋರಿಸುತ್ತಿದ್ದ. ಎಲ್ಲ ಕಡೆ ನಡೆದ ನಿನ್ನ ಮಾತು ನಮ್ಮ ಬೀದಿಯಲ್ಲಿ ನಡೆಯಲಿಲ್ಲ. ದೀಪಾವಳಿಗೆ ಮುಂಚೆ ಗುಡಿ ಮುಂದೆ ಶಾಮಿಯಾನ ಹಾಕಿಸಿ ಕುರ್ಚಿ ಹಾಕಿಸಿದೆ. ಬಂದವರು ಯಾರು? ನೆರಳಿಗೆ ಕೂತ ಪಕ್ಕದ ಮನೆ ಮುದುಕಿ ಕದಿರಮ್ಮ, ಮೈಕು ಮುಟ್ಟಲು ಬಂದ ಮಕ್ಕಳು, ನಾನು. ಒಂದು ಮಗ್ಗವೂ ನಿಲ್ಲಲಿಲ್ಲ. ಆ ಸದ್ದಿನ ಮೇಲೆ ನೀನು ಕೂಗಿ ಕೂಗಿ ಹೇಳುತ್ತಿದ್ದೆ. ಎದುರು ಮನೆಯ ಕೊಂಡಪ್ಪ ತನ್ನ ಮಗ್ಗದ ಮನೆ ಬಾಗಿಲಲ್ಲಿ ಬೀಡಿ ಸೇದುತ್ತಾ ನಿಂತು, ನಿನಗೆ ಕೇಳುವ ಹಾಗೇ ಹೇಳಿದ: "ಸ್ವಂತ ಭಾವನ್ನ ಉಳಿಸ್ಕೊಳ್ಳಕ್ಕೆ ಆಗ್ಲಿಲ್ಲ, ನಮಗೆ ಪಾಠ ಹೇಳಕ್ಕೆ ಬಂದವ್ನೆ."

ನೀನು ಮೈಕನ್ನು ಕೆಳಗಿಟ್ಟೆ. ಉಳಿದ ಕರಪತ್ರ ನನ್ನ ಕೈಗೆ ಕೊಟ್ಟೆ. ಜಗುಲಿಯ ಮೇಲೆ ನಿಂತೇ ನೀರು ಕುಡಿದು ಜೀಪು ಹತ್ತಿದೆ.

ಕೊಂಡಪ್ಪನ ಮಾತಿಗೆ ನಾನು ಅವತ್ತು ಉತ್ತರ ಕೊಡಲಿಲ್ಲ, ಈಗ ನಿನಗೆ ಕೊಡುತ್ತೇನೆ. ನಾಲ್ಕು ವರ್ಷದ ಹಿಂದೆ ನಮ್ಮ ಮಗ್ಗದ ಮನೆಗೆ ಬೆಂಕಿ ಬಿದ್ದಾಗ ನಿನ್ನ ಗಾಡಿ ಬಂದದ್ದು, ನೀನು ಒಳಗೆ ನುಗ್ಗಿದ್ದು, ನಿನ್ನ ಭಾವನನ್ನು ಹೆಗಲ ಮೇಲೆ ಹೊತ್ತು ತಂದದ್ದು ಕಣ್ಣಾರೆ ಕಂಡವಳು ನಾನು. ಅವರು ಹೊರಗೆ ಬರದ ಹಾಗೆ ಹಿಂಬಾಗಿಲಿಗೆ ಅಡ್ಡ ಇದ್ದದ್ದು ನೂಲಿನ ಮೂಟೆ. ನೀನಲ್ಲ.

ಇನ್ನು ನೀನು ಹೋದ ಮೇಲೆ ಏನಾಯಿತೆಂದು ಹೇಳುತ್ತೇನೆ.

ಕರಪತ್ರ ಸುಮ್ಮನೆ ಹಾಳಾಗಬಾರದೆಂದು ಮನೆಮನೆಗೆ ಹಂಚಲು ಹೊರಟೆ. ಮೊದಲು ಕದಿರಮ್ಮನ ಹತ್ತಿರ ಹೋದೆ. ಅವಳ ಮೊಮ್ಮಗನ ಹೆಂಡತಿ ಹರ್ಷಿತ ಮೊದಲನೇ ಸಾಲು ಜೋರಾಗಿ ಓದಿದಳು: "ಮಲಗುವ ಮುನ್ನ, ಮನೆ ಬಿಡುವ ಮುನ್ನ ದೇವರ ದೀಪ ಆರಿಸಿ." ಮುದುಕಿ ಎದ್ದು ನಿಂತುಬಿಟ್ಟಳು.

"ಏನಂದೆ? ಕಾರ್ತೀಕದಾಗೆ ದೀಪ ಆರ್ಸು ಅಂತ ಬರ್ದವ್ನಾ ನಿನ್ ತಮ್ಮ? ಯಾರ್ ಮನೆ ದೀಪ ಆರ್ಸಕ್ ಬಂದವ್ನೆ ಅವ್ನು? ಕಾಕಿ ಬಟ್ಟೆ ಹಾಕ್ಕಂಡ್ರೆ ನಾಲ್ಗೆಗೆ ಮಡಿ ಬ್ಯಾಡ್ವಾ?"

ಆಗ ನನಗೆ ಗೊತ್ತಾಯಿತು ನೋಡು. ಬೀದಿಯಲ್ಲಿ ಆ ಕಾಗದ ಮೊದಲೇ ಕೈಯಿಂದ ಕೈಗೆ ಹೋಗಿತ್ತು. ಹಿರಿಯರೆಲ್ಲ ಆ ಒಂದು ಸಾಲಿಗೇ ನಿಂತಿದ್ದರು. ಹಿಂಬಾಗಿಲು, ಮೆಟ್ಟಿಲು, ಕರೆಂಟಿನ ಬೋರ್ಡು, ಗ್ಯಾಸಿನ ಪೈಪು, ನೀನು ಬರೆದದ್ದೆಲ್ಲಾ ಸರಿಯೇ ಇತ್ತು, ಆದರೆ ಅಲ್ಲಿಗೆ ಯಾರೂ ತಲುಪಿರಲಿಲ್ಲ. ನಮ್ಮ ಅಮ್ಮ ಯಾವತ್ತಾದರೂ ದೀಪ ಆರಿಸು ಅಂದಿದ್ದಳೇನೋ? ಆರಿಸಬೇಕಾದಾಗಲೂ "ದೀಪ ದೊಡ್ಡದು ಮಾಡು" ಅನ್ನುತ್ತಿದ್ದಳು. ನೀನು ಇಲಾಖೆಯ ಭಾಷೆ ಕಲಿತು ಅದನ್ನು ಮರೆತಿದ್ದೀಯ, ಅಷ್ಟೆ.

ನಾನು ಬಹಳ ಜಾಣೆಯ ಹಾಗೆ ಪೆನ್ನು ತೆಗೆದುಕೊಂಡು ಎಲ್ಲಾ ಕರಪತ್ರದಲ್ಲೂ "ಆರಿಸಿ" ಹೊಡೆದುಹಾಕಿ "ದೊಡ್ಡದು ಮಾಡಿ" ಎಂದು ಬರೆದೆ. ಕದಿರಮ್ಮನಿಗೆ ಸಮಾಧಾನವಾಯಿತು. ನಾನೂ ಹೆಮ್ಮೆಯಿಂದ ಮನೆಮನೆಗೆ ಹೇಳಿಕೊಂಡು ಬಂದೆ.

ಮುಂದಿನ ಮಂಗಳವಾರ ಕದಿರಮ್ಮನ ಮನೆಯವರ ಜೊತೆ ನಾನೂ ಘಾಟಿಗೆ ಹೊರಟೆ. ಮುದುಕಿ ಬಾಗಿಲಲ್ಲಿ ನಿಂತು, "ಹರ್ಷಿತಾ, ದೀಪ ದೊಡ್ಡದು ಮಾಡಿ ಬೀಗ ಹಾಕ್ಕಂಡ್ ಬಾರಮ್ಮ" ಎಂದಳು. ಬಸ್ ಸ್ಟ್ಯಾಂಡಿಗೆ ಬಂದು ನಿಂತೆವು. ಮುದುಕಿಗೆ ಅನುಮಾನ ಜಾಸ್ತಿ. "ದೊಡ್ಡದು ಮಾಡಿದ್ಯೇನೇ?" ಎಂದು ಇನ್ನೊಮ್ಮೆ ಕೇಳಿದಳು.

"ಹ್ಞೂಂ ಅಜ್ಜಿ. ಎಣ್ಣೆ ತುಂಬಿಸಿ, ಬತ್ತಿ ಮೇಲಕ್ಕೆಳೆದು, ಇನ್ನೊಂದು ಬತ್ತೀನೂ ಹಾಕಿದೀನಿ. ಸಂಜೆ ತನಕ ಚಿಂತೆ ಇಲ್ಲ."

ಶಶಿ, ಕದಿರಮ್ಮ ಆ ವಯಸ್ಸಿನಲ್ಲಿ ಸೆರಗು ಸಿಕ್ಕಿಸಿಕೊಂಡು ಓಡಿದ್ದನ್ನು ನೀನು ನೋಡಬೇಕಿತ್ತು. ನಾನು ಹಿಂದೆ, ಹರ್ಷಿತ ಎಲ್ಲರಿಗಿಂತ ಹಿಂದೆ "ಏನಾಯ್ತು, ಏನಾಯ್ತು" ಎಂದು ಕೂಗುತ್ತಾ. ಬೀಗ ತೆಗೆದರೆ ದೇವರ ಮನೆ ತುಂಬ ಹೊಗೆ. ಫೋಟೋಕ್ಕೆ ಹಾಕಿದ್ದ ಪ್ಲಾಸ್ಟಿಕ್ ಹಾರ ಕರಗಿ ತೊಟ್ಟಿಕ್ಕುತ್ತಿತ್ತು, ಗೋಡೆ ಮೇಲೆ ಆಳೆತ್ತರಕ್ಕೆ ಮಸಿ. ಪಕ್ಕದ ಕೋಣೆಯಲ್ಲೇ ನೂಲಿನ ಮೂಟೆಗಳು. ನಾನು ಬಾಗಿಲಲ್ಲಿ ಹಾಸಿದ್ದ ಗೋಣಿಚೀಲ ಒದ್ದೆ ಮಾಡಿ ಉರಿಯ ಮೇಲೆ ಹೊದಿಸಿದೆ. ನೀನೇ ಹೇಳಿಕೊಟ್ಟದ್ದು.

ಕದಿರಮ್ಮ ಬಾಯಿ ತೆಗೆಯುವ ಮುಂಚೆ ಹರ್ಷಿತಳೇ ಅತ್ತುಕೊಂಡು ಜಗಳಕ್ಕೆ ನಿಂತಳು. "ನೀವೇ ಹೇಳಿದ್ರಲ್ಲ ದೊಡ್ಡದು ಮಾಡು ಅಂತ! ಈ ಆಂಟಿ ಪೆನ್ನಲ್ಲಿ ಬೇರೆ ಬರ್ದವ್ರೆ! ರಾಜಾಜಿನಗರದಲ್ಲಿ ದೊಡ್ಡದು ಅಂದ್ರೆ ದೊಡ್ಡದೇ!"

ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಬೀದಿಗೆ ಈಗ ಸೊಸೆಯರು ಬೆಂಗಳೂರಿನಿಂದ, ಹಿಂದೂಪುರದಿಂದ, ಎಲ್ಲೆಲ್ಲಿಂದಲೋ ಬಂದಿದ್ದಾರೆ. ನಿನ್ನ ಮಾತನ್ನು ಅತ್ತೆಯರು ಕೇಳುವುದಿಲ್ಲ, ನನ್ನ ಮಾತು ಸೊಸೆಯರಿಗೆ ಅರ್ಥವಾಗುವುದಿಲ್ಲ.

ಆಮೇಲೆ ಮೂವರೂ ಕೂತು ಮಸಿ ಒರೆಸುತ್ತಿದ್ದೆವು. ಹರ್ಷಿತ ಮೂಗು ಸೆಳೆಯುತ್ತಾ, "ಆರ್ಸು ಅನ್ನಬಾರ್ದು, ದೊಡ್ಡದು ಅಂದ್ರೆ ನಂಗೆ ಗೊತ್ತಾಗಲ್ಲ. ಮಲಗ್ಸು ಅನ್ನಿ. ಪಾಪೂನ ಮಲಗಿಸ್ತೀವಲ್ಲ, ಹಂಗೆ" ಎಂದಳು. ಕದಿರಮ್ಮ ಮಸಿ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದಳು. "ಮಲಗಿದ್ದು ಬೆಳಿಗ್ಗೆ ಏಳ್ತದೆ. ಅದು ಸರಿ. ಹಂಗನ್ನು" ಎಂದಳು. ಹಾಲಿನಲ್ಲಿ ಅದ್ದಿದ ಹೂವಿನಿಂದ ಬತ್ತಿ ಮುಟ್ಟುವುದನ್ನು ಅವಳೇ ಹರ್ಷಿತಳಿಗೆ ತೋರಿಸಿಕೊಟ್ಟಳು. ತೋರಿಸುತ್ತಾ ನನ್ನ ಕಡೆ ತಿರುಗಿ, "ನಿಮ್ಮನೇಲಿ ಯಾವಾಗ ಮಲಗಿಸ್ತೀಯೆ ನಾರಾಯಣಿ?" ಎಂದು ಕೇಳಿದಳು. ನಾನು ಸೇವಂತಿಗೆ ಮಾರಿನ ಬೆಲೆ ಎತ್ತಿ ಮಾತು ತಿರುಗಿಸಿದೆ.

ಮಾರನೆಯ ದಿನದಿಂದ ನಾವಿಬ್ಬರೂ ಒಟ್ಟಿಗೆ ಹೊರಟೆವು, ಹರ್ಷಿತ ಮತ್ತು ನಾನು. ಅತ್ತೆಯರಿಗೆ ನಾನು ಹೇಳುವುದು, ಸೊಸೆಯರಿಗೆ ಅವಳು. "ಮನೆಯವರು ಮಲಗೋ ಮುಂಚೆ ದೀಪ ಮಲಗಲಿ" ಎಂದು ಶುರು ಮಾಡಿದರೆ ಯಾರೂ ಬಾಗಿಲು ಹಾಕಲಿಲ್ಲ, ಕಾಫಿ ಕೊಟ್ಟು ಕೂರಿಸಿದರು. ಕೂತ ಮೇಲೆ ಉಳಿದದ್ದು ತಾನಾಗೇ ಬಂತು. ಒಬ್ಬಳು ಬಿರುಕು ಬಿಟ್ಟ ಗ್ಯಾಸಿನ ಪೈಪು ತಂದು ತೋರಿಸಿದಳು. ಇನ್ನೊಬ್ಬಳು ಮೆಟ್ಟಿಲ ಮೇಲಿನ ನೂಲಿನ ಗಂಟು ನಮ್ಮೆದುರೇ ಗಂಡನಿಂದ ಇಳಿಸಿದಳು. ಕೊಂಡಪ್ಪನ ಹೆಂಡತಿ ಸಪ್ಪಲಮ್ಮ ಮಾತ್ರ ಕಾಫಿ ಲೋಟ ಇಟ್ಟು ಒಳಗೆ ಹೋದಳು. ನಾವು ಹೊರಟ ಮೇಲೆ ಒಳಗಿನಿಂದ ನಿನ್ನ ಭಾವನ ಹೆಸರೆತ್ತಿ ಗಂಡನನ್ನು ಗದರುವ ಅವಳ ದನಿ ಕೇಳಿಸಿತು: "ಹಿಂದ್ಗಡೆ ಮೂಟೆ ತೆಗೀತೀಯೋ, ಇಲ್ಲ ನಾನೇ ಎತ್ತಿ ಬೀದಿಗೆ ಹಾಕ್ಲೋ? ಕೋದಂಡಣ್ಣನ್ನ ಮರ್ತ್ಯಾ?" ಕೊಂಡಪ್ಪ ಗೊಣಗಿಕೊಂಡೇ ತೆಗೆದನಂತೆ.

ಹೋದ ಶುಕ್ರವಾರ ಮಧ್ಯಾಹ್ನ ಅವನ ಮಗ್ಗದ ಮನೆಯಲ್ಲಿ ಕರೆಂಟಿನ ಬೋರ್ಡು ಸಿಡಿಯಿತು. ಬೋರ್ಡು ಇರುವುದು ಮುಂಬಾಗಿಲ ಪಕ್ಕದಲ್ಲೇ. ಗೋಡೆಗೆ ಅಂಟಿದ್ದ ನೂಲಿನ ಧೂಳು ಒಂದೇ ಸಲ ಹತ್ತಿಕೊಂಡಿತು, ಮುಂದಿನಿಂದ ಬರುವ ಹಾಗೇ ಇರಲಿಲ್ಲ. ನೇಯುತ್ತಿದ್ದ ಆಳುಗಳೆಲ್ಲ ಹಿಂಬಾಗಿಲಿಂದ ಹಿತ್ತಲಿಗೆ ಬಂದು ನಿಂತರು. ಕೊಂಡಪ್ಪನೂ ಬಂದ. ಅಮರ ಓಡಿ ಬೀದಿಯ ಕಡೆಯಿಂದ ಮೇನ್ ಸ್ವಿಚ್ ಆಫ್ ಮಾಡಿದ, ಉಳಿದವರು ಮರಳು ಎರಚಿದರು. ಗಾಡಿ ಬರುವಷ್ಟರಲ್ಲಿ ಹೊಗೆ ಮಾತ್ರ ಉಳಿದಿತ್ತು. ಒಂದು ಹಾಸು ಸುಟ್ಟಿತು, ಯಾರಿಗೂ ಒಂದು ಬೊಬ್ಬೆ ಇಲ್ಲ. ಪತ್ರಿಕೆಯಲ್ಲಿ ಬರಲಿಲ್ಲ, ನಿನಗೂ ಯಾರೂ ಹೇಳಿರಲಾರರು.

ನಾನು ನೀರು ತೆಗೆದುಕೊಂಡು ಹೋದಾಗ ಕೊಂಡಪ್ಪ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಆ ಬಾಗಿಲನ್ನೇ ನೋಡುತ್ತಿದ್ದ.

"ಕೋದಂಡಣ್ಣಂಗೆ ಈ ಬಾಗ್ಲು ಇರ್ಲಿಲ್ಲ ಕಣವ್ವ" ಎಂದ.

ನಾನು ಲೋಟ ಕೊಟ್ಟೆ. ನೀರು ಕುಡಿದು ಆಮೇಲೆ, "ನಿನ್ ತಮ್ಮನ್ನ ಬರಕ್ಕೇಳು. ಆ ಕಡೆ ಗೋಡೇಲಿ ಇನ್ನೊಂದು ಬಾಗ್ಲು ಒಡೀಬೇಕು. ಎಲ್ಲಿ ಅಂತ ಅವ್ನೇ ತೋರಿಸ್ಲಿ" ಎಂದ.

"ನೀನೇ ಕರಿ" ಎಂದೆ.

"ನಾನ್ ಕರೆದ್ರೆ ಬತ್ತಾನಾ? ಅವತ್ತು ಬಾಯಿ ಬಿಟ್ಬಿಟ್ನಲ್ಲ" ಎಂದು ತಲೆ ತಗ್ಗಿಸಿದ. ಕೊಂಡಪ್ಪನ ಬಾಯಲ್ಲಿ ಕ್ಷಮೆ ಎಂಬುದು ಇದಕ್ಕಿಂತ ನೇರವಾಗಿ ಬರುವುದಿಲ್ಲ, ನಿನಗೆ ಗೊತ್ತಿದೆ.

ನೋಡಪ್ಪ, ಗಾಡಿ ಡ್ಯೂಟಿಗೆ ಹೋಗಬೇಡ ಎಂದು ನಾನು ಹೇಳುವುದಿಲ್ಲ. ಅದೂ ಪುಣ್ಯದ ಕೆಲಸ. ಆದರೆ ಅವತ್ತಿನ ಬಾಗಿಲನ್ನು ತೆಗೆಯುವುದಕ್ಕೆ ನೀನು ಮತ್ತೆ ಗಾಡಿ ಹತ್ತುವುದಾದರೆ, ಆ ಬಾಗಿಲು ಈಗ ಅಲ್ಲಿಲ್ಲ. ಅಮರ ಗೋಡೆ ಕೆಡವಿ ಹೊಸದು ಕಟ್ಟಿದ್ದಾನೆ. ತೆಗೆಯಬೇಕಾದ ಬಾಗಿಲುಗಳು ಬೇರೆ ಇವೆ, ನಮ್ಮ ಬೀದಿಯಲ್ಲೇ ಇನ್ನೂ ಎಷ್ಟೋ. ಹರ್ಷಿತ "ಸಾರ್ ಯಾವಾಗ ಬರ್ತಾರೆ ಆಂಟಿ" ಎಂದು ದಿನಾ ಕೇಳುತ್ತಾಳೆ. ಹೊಸ ಕರಪತ್ರ ಅಚ್ಚು ಹಾಕಿಸಿದರೆ ಅವಳ ಮಾತನ್ನೇ ಹಾಕಿಸು.

ಅನಿತಳಿಗೆ ನನ್ನ ಆಶೀರ್ವಾದ. ಮಕ್ಕಳಿಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಚೌಡೇಶ್ವರಮ್ಮ ನಿನ್ನ ಬೆನ್ನ ಹಿಂದೆ ಇರಲಿ.

ನಿನ್ನ ಅಕ್ಕ
ನಾರಾಯಣಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯದೇ ಕವರು ಅಂಟಿಸಿಬಿಡೋಣ ಎಂದಿದ್ದೆ. ಕದಿರಮ್ಮ ಕೇಳಿದ್ದಕ್ಕೆ ನಾನು ಯಾಕೆ ಉತ್ತರ ಕೊಡಲಿಲ್ಲ ಎಂದರೆ, ನಿನ್ನ ಭಾವ ಹೋದಾಗಿನಿಂದ ನಮ್ಮ ದೇವರ ಮನೆಯಲ್ಲಿ ದೀಪ ಹಚ್ಚಿಲ್ಲ. ಹೂವು ಇಡುತ್ತೇನೆ, ಸ್ತೋತ್ರ ಹೇಳುತ್ತೇನೆ, ನೈವೇದ್ಯ ಮಾಡುತ್ತೇನೆ. ಒಲೆಗೆ ಲೈಟರ್ ಇದೆ, ಹೇಗೋ ಆಗುತ್ತದೆ. ಬೆಂಕಿಕಡ್ಡಿ ಗೀರಿದ ವಾಸನೆಗೆ ಮಾತ್ರ ಅವತ್ತಿನದೆಲ್ಲ ಎದ್ದು ಬಂದುಬಿಡುತ್ತದೆ. ಅಮರ ಒಂದು ಕರೆಂಟಿನ ದೀಪ ತಂದು ದೇವರ ಮುಂದೆ ಇಟ್ಟಿದ್ದಾನೆ, ಏನೂ ಕೇಳುವುದಿಲ್ಲ. ಊರಿಗೆಲ್ಲ ದೀಪ ಮಲಗಿಸುವುದು ಹೇಳಿಕೊಟ್ಟು ಮನೆಗೆ ಬಂದರೆ ಮಲಗಿಸಲು ನಮ್ಮಲ್ಲಿ ದೀಪವೇ ಇಲ್ಲ. ನೀನು ನಾಲ್ಕು ವರ್ಷದಿಂದ ಜಗುಲಿಯಿಂದಲೇ ಹಿಂದಕ್ಕೆ ಹೋಗುತ್ತೀಯ, ನಾನು ದೇವರ ಮನೆ ಹೊಸ್ತಿಲಿಂದ. ಇಪ್ಪತ್ತೈದಕ್ಕೆ ಕಡೇ ಕಾರ್ತೀಕ ಸೋಮವಾರ. ಬತ್ತಿ ಹೊಸೆದಿಟ್ಟಿದ್ದೇನೆ. ನೀನು ಬಂದು ಹಚ್ಚು, ಮಲಗಿಸುವುದು ನಾನು ಮಾಡುತ್ತೇನೆ. ಜಗುಲಿ ಮೇಲೆ ನಿಂತು ಹಚ್ಚಲು ಆಗುವುದಿಲ್ಲ, ಒಳಗೆ ಬರಬೇಕು.